ನೀರು, ಮಾಂಸ, ತುಟಿ

ಬಲಾವನ್, ಸಾಮಾರ್ ದ್ವೀಪ
೨೮ ಮೇ ೧೯೮೯

ಎಲ್ಮಾರ್,

ಮೂರು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಬೇಡ. ನನಗೊಂದು ವಿಷಯ ತಿಳಿಯಬೇಕು. ಅದನ್ನು ಬಲ್ಲವನು ನನ್ನ ಪರಿಚಯದಲ್ಲಿ ನೀನೊಬ್ಬನೇ.

ನಾನೀಗ ಇಲ್ಲಿಯ ಮೀನುಗಾರಿಕೆ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಪ್ರತಿ ಗುರುವಾರ ಇಸ್ಕೋ ಎಂಬವರ ದೋಣಿಯಲ್ಲಿ ಕೊಲ್ಲಿಯ ಐದು ಕಡೆ ಹೋಗಿ, ಬಲೆ ಇಳಿಸಿ ನೀರು ತರುತ್ತೇನೆ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೀರನ್ನು ಕೆಂಪಾಗಿಸುವ ವಿಷಜೀವಿಗಳನ್ನು ಎಣಿಸುತ್ತೇನೆ. ಫೆಬ್ರವರಿಯಲ್ಲಿ ಕೊಲ್ಲಿ ಕೆಂಪಾಯಿತು. ಪಚ್ಚಿಲೆ ಚಿಪ್ಪುಮೀನು ಕೀಳಬಾರದು, ಮಾರಬಾರದು, ತಿನ್ನಬಾರದು ಎಂದು ಆಜ್ಞೆ ಬಂತು. ಊರವರು ನೀರಲ್ಲಿ ನೆಟ್ಟ ಬಿದಿರು ಗೂಟಗಳ ಮೇಲೆ ಪಚ್ಚಿಲೆ ಹಾಗೆಯೇ ಬೆಳೆದು ಜೋತುಬಿದ್ದವು. ಏಪ್ರಿಲ್ ನಡುವಿಗೆ ನೀರು ತಿಳಿಯಾಯಿತು. ಮೂರು ಗುರುವಾರ ಸಾಲಾಗಿ ನನ್ನ ಎಣಿಕೆ ಸೊನ್ನೆ. ನನ್ನ ಸಹಿಯ ಮೇಲೆ ಮೇ ಎಂಟರಂದು ಆಜ್ಞೆ ತೆಗೆದರು.

ಮರುದಿನ ಮಧ್ಯಾಹ್ನ ಇಸ್ಕೋ ನನ್ನನ್ನು ಊಟಕ್ಕೆ ಕರೆದರು. ಇಲ್ಲಿಯ ರೂಢಿಯಂತೆ ನಾನು ಅವರನ್ನು ಮಾನೊ, ಅಣ್ಣ ಎನ್ನುತ್ತೇನೆ; ಅವರು ನನ್ನನ್ನು ಇಂದಾಯ್, ತಂಗಿ ಎನ್ನುತ್ತಾರೆ. ಗೂಟದಿಂದ ಕಿತ್ತ ಪಚ್ಚಿಲೆಯನ್ನು ಬುಟ್ಟಿಯಲ್ಲಿ ಹಿಡಿದು ನಿಂತು, ಒಲೆಗೆ ಹಾಕುವ ಮುಂಚೆ ಕೇಳಿದರು:

"ಇಂದಾಯ್, ತಿನ್ನಬಹುದೇನಮ್ಮ?"

"ನೀರಲ್ಲಿ ಏನೂ ಇಲ್ಲ ಮಾನೊ. ಪೂರಾ ಸೊನ್ನೆ."

"ಕಣ್ಣಿಗೆ ಕಾಣದ್ದನ್ನ ಎಣಿಸೋ ಹುಡುಗಿ ಹೇಳಿದ್ಮೇಲೆ ಮುಗೀತು. ಪಾಸಿಂಗ್, ದೊಡ್ಡ ಪಾತ್ರೆ ಇಡೇ!" ಎಂದು ಹೆಂಡತಿಯನ್ನು ಕೂಗಿದರು.

ಅವರು ಕೇಳಿದ್ದು ತಿನ್ನುವುದರ ಬಗ್ಗೆ. ನಾನು ಹೇಳಿದ್ದು ನೀರಿನ ಬಗ್ಗೆ. ಆಗ ಇದು ನನಗೆ ಹೊಳೆಯಲಿಲ್ಲ.

ಶುಂಠಿ, ನುಗ್ಗೆಸೊಪ್ಪು ಹಾಕಿ ಬೇಯಿಸಿದ್ದರು. ನಾನು ನಾಲ್ಕು ತಿಂದೆ. ಅವರ ಮಗಳು ನೆನೆತ್‌ಗೆ ಆರು ವರ್ಷ. ಅವಳಿಗೆ ಮಾಂಸ ಜಗಿಯಲು ಬೇಸರ. ಸಾರನ್ನೇ ಎರಡು ಬಟ್ಟಲು ಕುಡಿದಳು. ಅರ್ಧ ಗಂಟೆಗೆ ನನ್ನ ತುಟಿ ಜೋಮು ಹಿಡಿಯಿತು. ನೆನೆತ್ ತನ್ನ ಬಾಯಿ ಮುಟ್ಟಿಕೊಂಡು ನಕ್ಕಳು. "ಅಪ್ಪಾ, ನನ್ನ ತುಟಿ ಎಲ್ಲೋ ಹೋಯ್ತು" ಎಂದಳು. ಆಮೇಲೆ ಕೈ ಹೋಯಿತು, ಆಮೇಲೆ ಕಾಲು. ಪಟ್ಟಣದ ಆಸ್ಪತ್ರೆಗೆ ದೋಣಿಯಲ್ಲಿ ಎರಡು ಗಂಟೆ. ಅರ್ಧ ದಾರಿಗೆ ಅವಳ ಉಸಿರು ನಿಂತಿತು. ಇಸ್ಕೋ ದೋಣಿ ತಿರುಗಿಸಲಿಲ್ಲ. ಆಸ್ಪತ್ರೆಯವರೆಗೂ ಹೋದೆವು.

ನನ್ನ ಪ್ರಶ್ನೆ ಇದು. ನೀರಲ್ಲಿ ಸೊನ್ನೆಯಾದ ಮೇಲೂ ಮಾಂಸದಲ್ಲಿ ವಿಷ ಉಳಿಯುತ್ತದೆಯೇ? ಎಷ್ಟು ದಿನ? ನನ್ನ ಪುಸ್ತಕಗಳಲ್ಲಿ ನೀರು ಮಾತ್ರ ಇದೆ. ಮನಿಲಾದಲ್ಲಿ ನೀವು ಪಚ್ಚಿಲೆಯ ರಸವನ್ನು ಇಲಿಗಳಿಗೆ ಚುಚ್ಚಿ ನೋಡುತ್ತೀರೆಂದು ಕೇಳಿದ್ದೇನೆ.

ನೀನು ಸರ್ಕಾರಿ ಕೆಲಸ ಹಿಡಿದ ದಿನ, ನಾವು ಕರಪತ್ರ ಅಚ್ಚು ಹಾಕುತ್ತಿದ್ದ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಎಲ್ಲರೆದುರು ನಿನ್ನನ್ನು ಸರ್ಕಾರಿ ಇಲಿ ಎಂದಿದ್ದೆ. ಅದನ್ನು ಹಿಂತೆಗೆದುಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ನನಗೆ ಉತ್ತರ ಬೇಕು.

ರೋಸ್ವಿಡಾ


ಮನಿಲಾ
೯ ಜೂನ್ ೧೯೮೯

ರೋಸ್ವಿಡಾ,

ಪತ್ರ ತಲುಪಿತು. ಮಗುವಿನ ವಿಷಯ ಓದಿದೆ.

ನಿನ್ನ ಪ್ರಶ್ನೆಗೆ ಉತ್ತರ: ಉಳಿಯುತ್ತದೆ. ನೀರು ಬಿಟ್ಟುಕೊಟ್ಟದ್ದನ್ನು ಮಾಂಸ ಹಿಡಿದಿಟ್ಟುಕೊಳ್ಳುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳು ದಾಟಿಯೂ. ನಮ್ಮಲ್ಲಿ ಇದು ಹೊಸಬರಿಗೂ ಗೊತ್ತಿರುವ ಮಾತು. ನಿಮಗೆ ಗೊತ್ತಿಲ್ಲ ಎಂಬುದು ನಮಗೆ ಗೊತ್ತಿರಲಿಲ್ಲ.

ಮಾಂಸ ಅರೆದು, ಕುದಿಸಿ, ಸೋಸಿದ ರಸವನ್ನು ಇಲಿಯ ಹೊಟ್ಟೆಗೆ ಚುಚ್ಚುತ್ತೇವೆ. ಅದು ಸಾಯುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆಯುತ್ತೇವೆ. ಬೇಗ ಸತ್ತರೆ ವಿಷ ಹೆಚ್ಚು. ಐದು ನಿಮಿಷದ ಒಳಗಾದರೆ ತಿನ್ನಲೇಬಾರದು. ಕಾಲು ಗಂಟೆ ಕಳೆದರೂ ಬದುಕಿದ್ದರೆ ಭಯವಿಲ್ಲ.

ನಿಮ್ಮ ಕೊಲ್ಲಿಯ ಪಚ್ಚಿಲೆಯೂ ಇಲ್ಲಿಗೆ ಬರುತ್ತದೆ. ಪಟ್ಟಣದ ಆರೋಗ್ಯ ಕಚೇರಿಯವರು ಕಳಿಸುತ್ತಾರೆ. ಆದರೆ ಅಂಕಿಗಳನ್ನು ನಾನು ಕೊಡುವಂತಿಲ್ಲ. ಡಿಸೆಂಬರಿನ ಸಮ್ಮೇಳನದಲ್ಲಿ ನಮ್ಮ ಮೇಲಿನವರು ಪ್ರಬಂಧ ಓದುವವರೆಗೆ ಅವು ಅವರ ಮೇಜಿನಲ್ಲೇ ಇರುತ್ತವೆ. ಇದು ನಮ್ಮ ನಿಯಮ.

ಸಾರಿನ ಬಗ್ಗೆ ನನಗೆ ಏನೂ ತಿಳಿಯದು. ನಾವು ಸಾರನ್ನು ಪರೀಕ್ಷಿಸುವುದಿಲ್ಲ.

ಇನ್ನು ಮುಂದೆ ಪ್ರಯೋಗಾಲಯದ ವಿಳಾಸಕ್ಕೆ ಬರೆಯಬೇಡ. ಮನೆಯ ವಿಳಾಸ ಹಿಂಬದಿಯಲ್ಲಿದೆ.

ಎಲ್ಮಾರ್


ಬಲಾವನ್
೧೭ ಜೂನ್ ೧೯೮೯

ಎಲ್ಮಾರ್,

ತಿಳಿವಳಿಕೆಗೆ ಬೀಗ ಹಾಕುವವನು ಬಾವಿಗೆ ಬೀಗ ಹಾಕಿದವನಿಗೆ ಸಮ ಎಂದು ನಾವು ಅಚ್ಚು ಹಾಕಿ ಹಂಚಿದ್ದೆವು. ನಮ್ಮ ನಾಲ್ಕನೆಯ ಕರಪತ್ರ. ಬರೆದವನು ನೀನು. ಯಂತ್ರದ ಹಿಡಿಕೆ ತಿರುಗಿಸಿದವಳು ನಾನು. ಅದರ ಒಂದು ಪ್ರತಿ ನನ್ನಲ್ಲಿದೆ. ಮೊನ್ನೆ ತೆಗೆದು ಓದಿದೆ. ಆಗ ಓದಿದರೆ ಮೈ ಬಿಸಿಯಾಗುತ್ತಿತ್ತು. ಈಗ ಔಷಧದ ಬಾಟಲಿಯ ಚೀಟಿ ಓದಿದ ಹಾಗಾಯಿತು.

ಮೇ ಒಂಬತ್ತರ ಸಂಜೆಯೇ ಕೊಲ್ಲಿಯನ್ನು ಮತ್ತೆ ಮುಚ್ಚಿದರು. ಈಗ ಜುಲೈ ಹದಿನೈದಕ್ಕೆ ತೆರೆಯುವ ಮಾತು ನಡೆದಿದೆ. ಕಚೇರಿಗೆ ಬೇಕಾದದ್ದು ಅದೇ: ಮೂರು ವಾರದ ಸೊನ್ನೆ, ಕೆಳಗೆ ನನ್ನ ಸಹಿ. ಮಾಂಸದಲ್ಲಿ ಇನ್ನೂ ಇರಬಹುದು ಎಂದು ಅಧಿಕಾರಿಗೆ ಹೇಳಿದೆ. "ಇರಬಹುದು ಅಂತ ನಾನು ಯಾವ ಕಾಗದದಲ್ಲಿ ಬರೀಲಿ ಮಿಸ್? ಅಂಕಿ ಇದ್ರೆ ತೋರ್ಸಿ" ಎಂದರು. ಅಂಕಿ ನಿನ್ನಲ್ಲಿದೆ. ಅದಿಲ್ಲದೆ ಕೊಲ್ಲಿ ತೆರೆದರೆ ಇನ್ನೊಂದು ಮನೆಯಲ್ಲಿ ದೊಡ್ಡ ಪಾತ್ರೆ ಒಲೆಗೆ ಏರುತ್ತದೆ. ನಾನು ಕೇಳುತ್ತಿರುವುದು ಇಷ್ಟೇ.

ಜನವರಿಯಿಂದ ಇವತ್ತಿನವರೆಗಿನ ನನ್ನ ಎಣಿಕೆಯನ್ನೆಲ್ಲ ಈ ಪತ್ರದ ಜೊತೆ ಇಟ್ಟಿದ್ದೇನೆ. ನಾನೂ ಯಾರ ಅಪ್ಪಣೆಯನ್ನೂ ಕೇಳಿಲ್ಲ. ನಿನಗೆ ಉಪಯೋಗವಾದರೆ ಆಗಲಿ.

ಇಸ್ಕೋ ಐದು ಗುರುವಾರ ಬರಲಿಲ್ಲ. ಬೇರೆ ದೋಣಿಯಲ್ಲಿ ಹೋಗಿ ಬಂದೆ. ಮೊನ್ನೆ ದಡಕ್ಕೆ ಹೋದರೆ ಅವರ ದೋಣಿ ನಿಂತಿತ್ತು.

"ಹತ್ತಮ್ಮ. ನೀರಿನ ಇಳಿತ ಶುರುವಾಗತ್ತೆ" ಎಂದರು.

ಐದೂ ಕಡೆ ಬಲೆ ಇಳಿಸಿದೆ. ವಾಪಸು ಬರುವಾಗ ಕೇಳಿದರು, "ಇವತ್ತೂ ಸೊನ್ನೆನಾ?" ಎಣಿಸಿದ ಮೇಲೆ ಗೊತ್ತಾಗುತ್ತೆ ಮಾನೊ ಎಂದೆ. ಸೊನ್ನೆಯೇ ಆಗಿತ್ತು. ಹೋಗಿ ಹೇಳಲಿಲ್ಲ.

ನನ್ನ ತುಟಿಯ ಜೋಮು ಎರಡೇ ದಿನಕ್ಕೆ ಬಿಟ್ಟಿತು ಎಂದು ವೈದ್ಯರು ಬರೆದುಕೊಂಡಿದ್ದಾರೆ. ಅವರು ಹಾಗೆ ಬರೆದುಕೊಳ್ಳಲಿ.

ರೋಸ್ವಿಡಾ


ಮನಿಲಾ
೩೦ ಜೂನ್ ೧೯೮೯

ರೋಸ್ವಿಡಾ,

ಇವು ನಿಮ್ಮ ಕೊಲ್ಲಿಯ ಅಂಕಿಗಳು. ಹದಿನೈದು ದಿನಕ್ಕೊಮ್ಮೆ, ಮಂಗಳವಾರ ಚುಚ್ಚುತ್ತೇವೆ. ಏಪ್ರಿಲ್ ೪, ಒಂದು ನಿಮಿಷ ಹತ್ತು ಸೆಕೆಂಡು. ಏಪ್ರಿಲ್ ೧೮, ಒಂದು ನಿಮಿಷ ಹದಿನೈದು ಸೆಕೆಂಡು. ಮೇ ೧೬, ಎರಡು ನಿಮಿಷ. ಮೇ ೩೦, ಮೂರೂವರೆ. ಜೂನ್ ೧೩, ಐದೂಕಾಲು. ಜೂನ್ ೨೭, ಎರಡೂವರೆ.

ನಿನ್ನ ಎಣಿಕೆಯ ಪಕ್ಕದಲ್ಲಿ ಇವನ್ನು ಬರೆದು ನೋಡಿದೆ. ನೀನು ಸೊನ್ನೆ ಎಂದು ಬರೆದ ದಿನಗಳಲ್ಲಿ ನನ್ನ ಇಲಿಗಳು ಕೆಲವೇ ನಿಮಿಷಗಳಲ್ಲಿ ಸತ್ತಿವೆ. ನಮ್ಮಲ್ಲಿ ಯಾರೂ ಈವರೆಗೆ ಈ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದದ್ದನ್ನು ನಾನು ನೋಡಿಲ್ಲ.

ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ. ವಿಷ ಇಳಿಯುತ್ತಾ ಬಂದದ್ದು ಜೂನ್ ಕೊನೆಗೆ ಇದ್ದಕ್ಕಿದ್ದಂತೆ ಏರಿದ್ದು ಏಕೆ? ನೀನು ಕಳಿಸಿದ ಕೊನೆಯ ಎಣಿಕೆಯೂ ಸೊನ್ನೆ. ನಾನು ರಸ ತೆಗೆಯುವಾಗ ತಪ್ಪಿದೆನೆಂದು ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಮೂರು ಬಾರಿ ಮಾಡಿದೆ. ಒಂಬತ್ತು ಇಲಿ. ಎರಡೂವರೆಯೇ.

ಅಂಕಿಗಳನ್ನು ಬೇರೆ ಹಾಳೆಯಲ್ಲೂ ಬರೆದು ಜೊತೆಗಿಟ್ಟಿದ್ದೇನೆ; ಅದರ ಮೇಲೆ ನನ್ನ ಹೆಸರಿಲ್ಲ. ಯಾರು ಕೊಟ್ಟರೆಂದು ಕೇಳಿದರೆ ನಿನಗೆ ತೋಚಿದ್ದು ಹೇಳು.

ಎಲ್ಮಾರ್


ಬಲಾವನ್
೧೧ ಜುಲೈ ೧೯೮೯

ಎಲ್ಮಾರ್,

ನೀನು ತಪ್ಪಿಲ್ಲ. ಜೂನ್ ನಡುವಿನಲ್ಲಿ ಇಲ್ಲಿ ನೈಋತ್ಯದ ಗಾಳಿ ಎದ್ದಿತು. ಆ ಜೀವಿಗಳು ಸಾಯುವ ಮುಂಚೆ ಬೀಜದಂಥ ಗಟ್ಟಿ ಕಣವಾಗಿ ತಳದ ಕೆಸರಿಗೆ ಇಳಿಯುತ್ತವೆ. ಗಾಳಿ ಕೆಸರನ್ನು ಕದಡಿದರೆ ಅವು ಏಳುತ್ತವೆ. ಕೆಳಗಿನ ಪಚ್ಚಿಲೆ ಮತ್ತೆ ತಿನ್ನುತ್ತದೆ. ಇದು ನಮ್ಮಲ್ಲಿ ಹೊಸಬರಿಗೂ ಗೊತ್ತಿರುವ ಮಾತು.

ಆದರೆ ನಾನು ಮೂರು ವರ್ಷದಿಂದ ಬಲೆಯನ್ನು ಮೇಲ್ನೀರಿನಲ್ಲೇ ಎಳೆಯುತ್ತಿದ್ದೆ. ನಿಯಮ ಹಾಗೆ. ನಿನ್ನ ಎರಡೂವರೆ ನೋಡಿದ ಮೇಲೆ ಮೊದಲ ಸಲ ತಳದವರೆಗೆ ಇಳಿಸಿದೆ. ಮೇಲ್ನೀರು ಸೊನ್ನೆ. ತಳದ ನೀರಲ್ಲಿ ಎಣಿಸಲಾರದಷ್ಟು. ಇಸ್ಕೋ ಸೂಕ್ಷ್ಮದರ್ಶಕದಲ್ಲಿ ತಾವೂ ನೋಡುತ್ತೇನೆಂದರು. ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದರು. "ಇಷ್ಟೇನಾ?" ಎಂದರು. ಇಷ್ಟೇ ಎಂದೆ.

ನಿನ್ನೆ ಊರಿನ ಚಾವಡಿಯಲ್ಲಿ ಸಭೆ ಇತ್ತು. ನಾನು ಸಹಿ ಹಾಕುವುದಿಲ್ಲ ಎಂದೆ. ನಿಮಿಷಗಳನ್ನು ಓದಿದೆ. ಗದ್ದಲವಾಯಿತು.

"ಮನಿಲಾದಲ್ಲಿ ಇಲಿ ಸತ್ರೆ ನಮಗೇನಮ್ಮ? ನಾವೇನು ಇಲಿಗಳಾ?"

"ಆವತ್ತು ತಿನ್ನಿ ಅಂದೋಳೂ ನೀನೇ, ಇವತ್ತು ಬೇಡ ಅನ್ನೋಳೂ ನೀನೇ. ನಾಳೆ ಏನಂತೀಯ? ನಾಳೆದೂ ಇವತ್ತೇ ಹೇಳಿಬಿಡು, ಬರೋ ಶ್ರಮ ಉಳಿಯುತ್ತೆ."

ಎಲ್ಲರೂ ನಕ್ಕರು. ಮೊದಲಾಗಿದ್ದರೆ ಬೆಂಚಿನ ಮೇಲೆ ಹತ್ತಿ ನಿಂತು ಜನರಿಗೆ ಜನರ ಬಗ್ಗೆಯೇ ಭಾಷಣ ಮಾಡುತ್ತಿದ್ದೆ. ನಿನಗೆ ಗೊತ್ತಲ್ಲ. ನಿನ್ನೆ ಬಾಯಿ ತೆರೆದೆ. ನನ್ನ ತುಟಿ ನನ್ನದಲ್ಲ ಎನ್ನಿಸಿತು.

ಇಸ್ಕೋ ಹಿಂದಿನ ಸಾಲಿನಿಂದ ಎದ್ದರು. "ಗೂಟ ನಂದೂ ಇವೆ. ನಿಮ್ಮೆಲ್ಲರಿಗಿಂತ ಜಾಸ್ತಿ ಇವೆ. ಈ ಹುಡುಗಿಗೆ ನೀರು ಗೊತ್ತು. ಆ ಇಲಿಯವನಿಗೆ ಮಾಂಸ ಗೊತ್ತು. ತಿಂದೋರು ನಾವು, ನಮ್ಮನ್ನ ಯಾರೂ ಕೇಳ್ಲಿಲ್ಲ. ಇನ್ಮೇಲೆ ನಾನು ಕೇಳ್ತೀನಿ. ಯಾರು ತಿಂದ್ರಿ, ಎಷ್ಟು ತಿಂದ್ರಿ, ಏನಾಯ್ತು, ಎಲ್ಲಾ ಬರೆಸ್ತೀನಿ. ಅಲ್ಲಿವರೆಗೆ ಕೊಲ್ಲಿ ತೆಗೆಯೋದು ಬೇಡ" ಎಂದು ಕುಳಿತರು.

ಆಮೇಲೆ ಯಾರೂ ನಗಲಿಲ್ಲ. ಕೊಲ್ಲಿ ಮುಚ್ಚಿಯೇ ಇರುತ್ತದೆ. ಅಂಕಿ ಕೊಟ್ಟವರು ಯಾರೆಂದು ಅಧಿಕಾರಿ ಎರಡು ಸಲ ಕೇಳಿದರು. ನಾನು ಹೇಳಲಿಲ್ಲ. ಆದರೆ ಹಾಳೆಯನ್ನು ತಮ್ಮ ಬಳಿಯೇ ಇಟ್ಟುಕೊಂಡರು, ಅದರಲ್ಲಿರುವುದು ನಿನ್ನ ಅಕ್ಷರ. ಇದನ್ನು ನಾನು ಮೊದಲೇ ಯೋಚಿಸಿ ನಕಲು ಮಾಡಬೇಕಿತ್ತು.

ರೋಸ್ವಿಡಾ


ಬಲಾವನ್
೨ ಆಗಸ್ಟ್ ೧೯೮೯

ಎಲ್ಮಾರ್,

ಮೂರು ವಾರವಾಯಿತು, ನಿನ್ನಿಂದ ಏನೂ ಇಲ್ಲ. ನನ್ನ ಬೇಜವಾಬ್ದಾರಿಯಿಂದ ನಿನಗೆ ತೊಂದರೆಯಾಗಿದ್ದರೆ ಅದನ್ನಾದರೂ ತಿಳಿಸು.

ಇಸ್ಕೋ ಮನೆಮನೆಗೆ ಹೋಗಿ ಕೇಳುತ್ತಾರೆ. ಅವರಿಗೆ ಬರೆಯಲು ಬರುವುದಿಲ್ಲ. ಕೇಳಿದ್ದನ್ನು ನೆನಪಿಟ್ಟುಕೊಂಡು ಬಂದು ನನಗೆ ಹೇಳುತ್ತಾರೆ. ಈಗ ನನ್ನ ಹಾಳೆಯಲ್ಲಿ ಮೂರು ಕಾಲಂ ಇವೆ. ನೀರು, ಮಾಂಸ, ತುಟಿ. ಮೂರನೆಯದಕ್ಕೆ ಹೆಸರಿಟ್ಟವರು ಅವರು.

ಇಪ್ಪತ್ತಾರು ಮನೆ ಮುಗಿದಿವೆ. ಮೇ ಎಂಟು ಮತ್ತು ಒಂಬತ್ತರಂದು ತಿಂದವರು ಹನ್ನೊಂದು ಮನೆಯವರು. ನಾನು ಇಸ್ಕೋ ಮನೆ ಮಾತ್ರ ಎಂದುಕೊಂಡಿದ್ದೆ. ಉಳಿದವರು ನಾಚಿಕೆಯಿಂದಲೋ, ಗೂಟದ ಮೇಲಿನ ಆಸೆಯಿಂದಲೋ ಬಾಯಿ ಬಿಟ್ಟಿರಲಿಲ್ಲ. ಇಸ್ಕೋ ಹೋಗಿ ಬಾಗಿಲಲ್ಲಿ ನಿಂತರೆ ಯಾರೂ ಸುಳ್ಳು ಹೇಳುವುದಿಲ್ಲ.

ಅವರು ಒಂದು ಸಂಗತಿ ಗಮನಿಸಿದ್ದಾರೆ. ನನಗೂ ನಿನಗೂ ಅದು ಕಂಡಿರಲಿಲ್ಲ. ಹುರಿದು ತಿಂದವರಿಗೆ ತುಟಿ ಮಾತ್ರ. ಬೇಯಿಸಿ ಸಾರು ಚೆಲ್ಲಿ ತಿಂದವರಿಗೆ ತುಟಿ ಮತ್ತು ಬೆರಳು. ಸಾರು ಕುಡಿದವರಿಗೆ ಕಾಲು ಕೂಡ. "ನುಗ್ಗೆಸೊಪ್ಪು ಹಾಕಿದ್ದು ಮೈಗೆ ಒಳ್ಳೇದು ಅಂತ, ಮಕ್ಕಳಿಗೆ ಸಾರೇ ಜಾಸ್ತಿ ಕೊಟ್ಟಿದ್ದಾರೆ ಇಂದಾಯ್. ಎಲ್ಲಾ ಮನೆಯಲ್ಲೂ" ಎಂದರು. ಹೇಳುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ. ನಾನು ಬರೆದುಕೊಂಡೆ. ನನ್ನ ಮುಖದಲ್ಲೂ ಏನೂ ಇದ್ದಿರಲಾರದು. ನೀನು ಸಾರನ್ನೊಮ್ಮೆ ಚುಚ್ಚಿ ನೋಡುತ್ತೀಯಾ?

ಇನ್ನೊಂದು. ಹದಿನೈದು ದಿನಕ್ಕೊಮ್ಮೆ ಎಂದು ನೀನೇ ಬರೆದಿದ್ದೀಯೆ. ಏಪ್ರಿಲ್ ಹದಿನೆಂಟರ ನಂತರ ಮೇ ಹದಿನಾರು ಬರೆದಿದ್ದೀಯೆ. ನಡುವೆ ಮೇ ಎರಡು ಇರಬೇಕು. ಆ ಸಲ ಪಚ್ಚಿಲೆ ಬರಲಿಲ್ಲವೇ? ಅಥವಾ ಇಲಿ ಇರಲಿಲ್ಲವೇ? ನೆನೆತ್‌ಳ ಸಾಲು ಹಾಗೆಯೇ ಇದೆ. ನೀರು, ಸೊನ್ನೆ. ತುಟಿ, ಅವಳ ಹೆಸರು. ನಡುವಿನ ಮಾಂಸದ ಮನೆ ಖಾಲಿ. ಇಸ್ಕೋಗೆ ಓದಲು ಬರದಿದ್ದರೂ ಖಾಲಿ ಕಾಣುತ್ತದೆ. ಪ್ರತಿ ಸಲ ಅದರ ಮೇಲೆ ಬೆರಳಿಡುತ್ತಾರೆ.

ರೋಸ್ವಿಡಾ


ಮನಿಲಾ
೧೬ ಆಗಸ್ಟ್ ೧೯೮೯

ರೋಸ್ವಿಡಾ,

ಹಾಳೆ ಇಲ್ಲಿಗೆ ಬಂತು. ನನ್ನ ಅಕ್ಷರ ಗುರುತು ಹಿಡಿದರು. ನನ್ನನ್ನು ಇಲಿಗಳ ಮೇಜಿನಿಂದ ತೆಗೆದು ಗಾಜಿನ ಪಾತ್ರೆ ತೊಳೆಯುವ ಕಡೆಗೆ ಹಾಕಿದ್ದಾರೆ. ಇದಕ್ಕೆ ನಿನ್ನನ್ನು ಹೊಣೆ ಮಾಡುತ್ತಿಲ್ಲ.

ಸಾರನ್ನು ನೋಡಿದೆ. ಈಗ ಮೇಜಿನಲ್ಲಿರುವ ಹುಡುಗಿ ಊಟದ ಬಿಡುವಿನಲ್ಲಿ ನನಗೆ ಜಾಗ ಕೊಟ್ಟಳು. ಅದೇ ಪಚ್ಚಿಲೆಯ ಬೆಂದ ಮಾಂಸ, ನಾಲ್ಕು ನಿಮಿಷ. ಸಾರು, ಎರಡು ನಿಮಿಷಕ್ಕೂ ಕಡಿಮೆ. ನಿಮ್ಮ ಇಸ್ಕೋ ಹೇಳಿದ್ದು ಸರಿ. ಹತ್ತು ವರ್ಷದಿಂದ ನಾವು ಇಲ್ಲಿ ಮಾಂಸ ಅರೆಯುತ್ತಿದ್ದೇವೆ. ಜನ ಅದನ್ನು ಹೇಗೆ ಉಣ್ಣುತ್ತಾರೆಂದು ಒಬ್ಬರೂ ಕೇಳಿರಲಿಲ್ಲ.

ಮೇ ಎರಡರಂದು ಪಚ್ಚಿಲೆ ಬಂದಿತ್ತು. ಇಲಿಯೂ ಇತ್ತು. ಚುಚ್ಚಿದವನು ನಾನೇ.

ಮೇ ಮೂರರಂದು ಅಂಕಿಯನ್ನು ಮೇಲಿನವರಿಗೆ ಒಪ್ಪಿಸಿದೆ. ಅವರು ಮೇಜಿನ ಒಳಗಿಟ್ಟರು. ಅವತ್ತೇ ಸಂಜೆ ರೇಡಿಯೋದಲ್ಲಿ ಎಂಟರಂದು ಕೊಲ್ಲಿ ತೆರೆಯುವರೆಂದು ಕೇಳಿದೆ. ನೀನು ಅಲ್ಲಿರುವುದು ನನಗೆ ಗೊತ್ತಿತ್ತು. ನಿನ್ನ ಕಚೇರಿಯ ವಿಳಾಸವೂ ಗೊತ್ತಿತ್ತು.

ಜೊತೆಯಲ್ಲಿರುವ ಕಾರ್ಡು ಮೂರು ತಿಂಗಳಿಂದ ನನ್ನ ಅಂಗಿಯ ಪೆಟ್ಟಿಗೆಯಲ್ಲಿದೆ. ಅಂಚೆಪೆಟ್ಟಿಗೆಯವರೆಗೆ ಹೋಗಿದ್ದೆ. ನೀನು ಓದಿ ಏನು ಹೇಳುತ್ತೀ ಎಂದು ಕಿವಿಯಲ್ಲಿ ಕೇಳಿಸಿತು. ಇಲಿ ಬಿಲದಿಂದ ಹೊರಗೆ ಬಂತು ಎಂದು. ವಾಪಸು ಬಂದೆ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಬರೆಯುತ್ತಿದ್ದೆ.

ನಿಮ್ಮ ಹಾಳೆಯ ಖಾಲಿ ಮನೆಗೆ ಇದು ಸೇರಬೇಕು.

ಎಲ್ಮಾರ್


(ಅಂಚೆ ಮುದ್ರೆಯಿಲ್ಲದ ಕಾರ್ಡು)

ಮನಿಲಾ
೪ ಮೇ ೧೯೮೯

ರೋಸ್ವಿಡಾ, ನಿಮ್ಮ ಕೊಲ್ಲಿಯ ಪಚ್ಚಿಲೆ ಮೊನ್ನೆ ಚುಚ್ಚಿದೆ. ಒಂದು ನಿಮಿಷ ಇಪ್ಪತ್ತು ಸೆಕೆಂಡು. ನೀರು ಏನೇ ಹೇಳಲಿ, ಯಾರೂ ತಿನ್ನಬಾರದು. ನೀನೂ ತಿನ್ನಬೇಡ.
ಎಲ್ಮಾರ್


ಬಲಾವನ್
೨೭ ಆಗಸ್ಟ್ ೧೯೮೯

ಎಲ್ಮಾರ್,

ಕಾರ್ಡು ತಲುಪಿತು. ಮೊದಲು ನಾನೊಬ್ಬಳೇ ಓದಿದೆ. ಇಸ್ಕೋಗೆ ಹೇಳದಿರಬಹುದು ಎಂದು ಒಂದು ಇಡೀ ದಿನ ಯೋಚಿಸಿದೆ. ಇನ್ನೊಬ್ಬರ ತಿಳಿವಳಿಕೆಯನ್ನು ಮೇಜಿನ ಒಳಗಿಡುವುದು ಎಷ್ಟು ಸುಲಭ ಎಂದು ಆಗ ಗೊತ್ತಾಯಿತು. ಗುರುವಾರ ದೋಣಿಯಲ್ಲಿ, ಎರಡನೆಯ ಜಾಗ ಮುಗಿಸಿದ ಮೇಲೆ ಓದಿ ಹೇಳಿದೆ.

"ಇನ್ನೊಂದ್ಸಲ ಓದು" ಎಂದರು. ಓದಿದೆ.

"ಯಾವತ್ತು ಬರೆದದ್ದು?"

"ಮೇ ನಾಲ್ಕು."

"ಮನಿಲಾದಿಂದ ಕಾರ್ಡು ಬರೋಕೆ ಎಷ್ಟು ದಿನ ಬೇಕು?"

"ನಾಲ್ಕು ದಿನ ಮಾನೊ."

ಬೆರಳು ಮಡಿಸಿ ಎಣಿಸಿದರು. ಐದು, ಆರು, ಏಳು, ಎಂಟು. ಒಂಬತ್ತನ್ನು ಮಡಿಸಲಿಲ್ಲ. ಕೈಯನ್ನು ಹಾಗೆಯೇ ಮೊಣಕಾಲ ಮೇಲಿಟ್ಟುಕೊಂಡು ಕುಳಿತರು. ದೋಣಿ ತನ್ನಷ್ಟಕ್ಕೆ ತೇಲಿ ಅವರದೇ ಗೂಟಗಳ ಹತ್ತಿರ ಹೋಯಿತು. ಪಚ್ಚಿಲೆಯ ಭಾರಕ್ಕೆ ಎರಡು ಗೂಟ ಮುರಿದು ಬಿದ್ದಿದ್ದವು. ಅವನ್ನು ಎತ್ತಲು ಅವರು ಕೈ ಹಾಕಲಿಲ್ಲ.

ಗೂಟಗಳನ್ನೇ ನೋಡುತ್ತಾ ಕೇಳಿದರು, "ಅವನು ಯಾಕೆ ಹಾಕ್ಲಿಲ್ಲ?"

"ನಾನು ಒಮ್ಮೆ ಅವನನ್ನ ಎಲ್ಲರೆದುರು ಇಲಿ ಅಂದಿದ್ದೆ ಮಾನೊ."

ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಟ್ಟು ತೆಗೆದುಕೊಂಡು ಮೂರನೆಯ ಜಾಗಕ್ಕೆ ನಡೆಸಿದರು. ಬಲೆಯನ್ನು ತಾವೇ ಬಿಚ್ಚಿ, ಹಗ್ಗ ಸರಿಮಾಡಿ ನನ್ನ ಕೈಗೆ ಕೊಟ್ಟರು. "ತಳದವರೆಗೂ ಬಿಡು" ಎಂದರು.

ದಡಕ್ಕೆ ಬಂದ ಮೇಲೆ ಹಾಳೆ ತರಿಸಿದರು. ಅವರ ಎದುರೇ ಖಾಲಿ ಮನೆಯಲ್ಲಿ ಬರೆದೆ. ಒಂದು ನಿಮಿಷ ಇಪ್ಪತ್ತು ಸೆಕೆಂಡು. ಅದರ ಮೇಲೆ ಬೆರಳಿಟ್ಟು, ಶಾಯಿ ಒಣಗಿದೆಯೇ ಎಂದು ನೋಡಿದರು.

"ಅವನಿಗೆ ಬರಿ," ಎಂದರು. "ಮುಂದಿನ ಅಂಕಿ ನಿನಗೇ ನೇರ ಕಳಿಸ್ಲಿ ಅಂತ. ಅವರ ದೊಡ್ಡವರಿಗೆ ಆಮೇಲೆ ಕೊಡ್ಲಿ."

ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ಕ್ಷಮಿಸಿದರೇ ಎಂದು ನಾನು ಕೇಳಲಿಲ್ಲ. ನನ್ನ ಬಗ್ಗೆಯೂ ಕೇಳಲಿಲ್ಲ. ಗಾಜು ತೊಳೆಯುವಲ್ಲಿಂದ ಗೋಡೆಯ ಗಡಿಯಾರ ಕಾಣುತ್ತದೆಯೇ? ಕಂಡರೆ ಸಾಕು, ಇಲಿ ಸಾಯುವ ಹೊತ್ತು ಬರೆಯಬಹುದು.

ಇವತ್ತಿನ ಬಸ್ಸಿಗೆ ಎರಡು ಡಬ್ಬಿ ಹಾಕಿದ್ದೇನೆ. ಒಂದರಲ್ಲಿ ಮೇಲಿನ ಪಚ್ಚಿಲೆ, ಇನ್ನೊಂದರಲ್ಲಿ ತಳದ್ದು. ಕಿತ್ತವರು ಇಸ್ಕೋ. ಮುಚ್ಚಳದ ಮೇಲೆ ದಿನಾಂಕ ಬರೆದಿದೆ.

ರೋಸ್ವಿಡಾ